ಯಾರ ಮನೆಯ ಬೇವು

ಮೊನ್ನೆ ಸಂಜೆ ನಮ್ಮ ಬೀದಿಗೆ ತಳ್ಳುಗಾಡಿ ತಂದವನ ಹತ್ತಿರ ಒಂದು ಹೊಸ ಗಡಿಗೆ ಕೊಂಡೆ. ಮನೆಯಲ್ಲಿ ಫ್ರಿಜ್ ಇದೆ. ಆದರೆ ಶಿವರಾತ್ರಿ ಕಳೆದು ಬಿಸಿಲು ಸ್ವಲ್ಪ ಚುರುಕಾಯಿತೆಂದರೆ ನನಗೆ ಗಡಿಗೆಯ ನೀರೇ ಆಗಬೇಕು. ಫ್ರಿಜ್ಜಿನ ನೀರಿಗೆ ನನ್ನ ಹಲ್ಲು ಒಪ್ಪುವುದಿಲ್ಲ, ಮನಸ್ಸಂತೂ ಮೊದಲೇ ಒಪ್ಪುವುದಿಲ್ಲ. ತೊಳೆದು, ಅಡುಗೆಮನೆಯ ಮೂಲೆಯಲ್ಲಿ ಸಿಂಬಿಯ ಮೇಲೆ ಕೂರಿಸಿ, ಮೊದಲ ಕೊಡ ನೀರು ಸುರಿದೆ. ಗಡಿಗೆ ಸುಯ್ಯೆಂದು ಹೀರತೊಡಗಿತು. ಸುಟ್ಟ ಮಣ್ಣು ತೋಯ್ದ ವಾಸನೆ ಮುಖಕ್ಕೆ ಬಡಿಯಿತು... ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. "ನೋಡ್ರಿ, ಗಡಿಗಿಗಿ ಎಷ್ಟ್ ನೀರಡಿಕಿ ಆಗ್ಯಾದ!" ಎಂದು ವೈನಿ ಕಿವಿಯ ಹತ್ತಿರವೇ ಅಂದ ಹಾಗಾಯಿತು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿಯಲ್ಲ. ಬೀದರಿನ ಹಳೆ ಊರಿನ ವಾಡೆಯೊಂದರಲ್ಲಿ ನಾವು ಬಾಡಿಗೆಗೆ ಇದ್ದಾಗ, ಅಂಗಳದ ಆಚೆ ಬದಿಯ ಮನೆಯವರು. ದೊಡ್ಡವರು ಸಣ್ಣವರು ಎನ್ನದೆ ಗಲ್ಲಿಗೆಲ್ಲ ಅವರು ವೈನಿಯೇ. ವಾಡೆಯೆಂದರೆ ಭಾರಿ ಏನಲ್ಲ. ನಡುವೆ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ, ಸುತ್ತ ಒಂದಕ್ಕೊಂದು ಬೆನ್ನು ಹಚ್ಚಿ ಕುಳಿತ ಮನೆಗಳು. ನಾನು ಔರಾದ ಕಡೆಯವಳು, ಮದುವೆಯಾಗಿ ಅಲ್ಲಿಗೆ ಬಂದ ಹೊಸದರಲ್ಲಿ ಬೀದರಿನ ಯಾವುದೂ ನನಗೆ ಹಿಡಿಸಿರಲಿಲ್ಲ. ಹಿಡಿಸಿದ ಮೊದಲನೆಯದು ವೈನಿಯ ನಗು.

ಚಳಿ ಬಿಡುವ ಕಾಲಕ್ಕೆ ಒಂದು ಬೆಳಿಗ್ಗೆ ಅವರು ಅಂಗಳದ ನಡುವೆ ನಿಂತು, ಮೂಗು ಮೇಲೆತ್ತಿ, "ಹವಾ ತಿರಗ್ತು" ಎಂದು ಸಾರುತ್ತಿದ್ದರು. ಅಲ್ಲಿಗೆ ವಾಡೆಯ ನೆಮ್ಮದಿ ಮುಗಿಯಿತು. ಕೌದಿಗಳೆಲ್ಲ ಹೊರಗೆ ಬರಬೇಕು, ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ನೆನೆಯಬೇಕು, ಇಬ್ಬಿಬ್ಬರು ಹಿಡಿದು ಹಿಂಡಬೇಕು. ಅಂಗಳದ ತುಂಬ ಕೌದಿ ಒಣಹಾಕಿದರೆ ಎದುರು ಮನೆಗೆ ಹೋಗಲು ಬಾಗಿ ನುಸುಳಬೇಕಾಗುತ್ತಿತ್ತು. ಹೊರಸುಗಳು ಮಾಳಿಗೆ ಏರುತ್ತಿದ್ದವು. ಗುಬ್ಬಿಗಳಿಗೆಂದು ಒಡಕು ಪರಾತದಲ್ಲಿ ನೀರು ಇಡುತ್ತಿದ್ದರು. ಬೇವಿನ ಮರದ ಕೆಳಗೆ ಹಳೆ ಧೋತರ ಹಾಸಿ ಉದುರಿದ ಹೂವು ಹಿಡಿಯುತ್ತಿದ್ದರು, ಕಾಗೆಗಳು ಅದಕ್ಕೆ ತಮ್ಮ ಪಾಲನ್ನೂ ಸೇರಿಸುತ್ತಿದ್ದವು. ಮಧ್ಯಾಹ್ನ ಹೊತ್ತಿಗೆ ಮೊದಲ ಎಳೆ ಮಾವಿನಕಾಯಿ ಹೆಚ್ಚಿ, ಉಪ್ಪು ಖಾರ ಹಚ್ಚಿ, "ಬರ್ರಿ ಬರ್ರಿ, ಹಲ್ಲು ಜುಮ್ ಅನಿಸ್ಕೊಳ್ರಿ" ಎಂದು ಕೂಗುತ್ತಿದ್ದರು. ನಮ್ಮ ಅತ್ತೆ ಬೈಯುತ್ತಲೇ ಎದ್ದು ಹೋಗಿ ಎಲ್ಲರಿಗಿಂತ ಹೆಚ್ಚು ತಿಂದು ಬರುತ್ತಿದ್ದರು.

ಇಷ್ಟೆಲ್ಲ ಗದ್ದಲದಲ್ಲಿ ವೈನಿಯ ಗಂಡನಿಗೆ ಇದ್ದದ್ದು ಒಂದೇ ಕೆಲಸ, ಗಡಿಗೆ ಆರಿಸುವುದು. ಊರ ಹೊರಗಿನ ಕೊಳಾರದ ಗೋದಾಮೊಂದರಲ್ಲಿ ಬೇಳೆ ಚೀಲಗಳ ಮೇಲ್ವಿಚಾರಣೆ ನೋಡುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಮಕ್ಕಳಿರಲಿಲ್ಲ. ಕುಂಬಾರರ ಓಣಿಯಲ್ಲಿ ಒಂದೊಂದೇ ಗಡಿಗೆ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಇಳಿಸಿ, ಮತ್ತೊಂದನ್ನು ಎತ್ತುತ್ತಿದ್ದರಂತೆ. "ಗಡಿಗಿ ತರ್ಲಾಕ ಹೋಗ್ಯಾರೋ, ಕನ್ಯಾ ನೋಡ್ಲಾಕ ಹೋಗ್ಯಾರೋ" ಎಂದು ವೈನಿ ಎಲ್ಲರೆದುರು ಆಡಿಕೊಳ್ಳುತ್ತಿದ್ದರು. ಗಂಡ ಆಟೋದಲ್ಲಿ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದು ಇಳಿದರೆ ವಾಡೆಯ ಹೆಂಗಸರೆಲ್ಲ ನಗುತ್ತಿದ್ದರು, ಅವರೂ ನೆಲ ನೋಡುತ್ತ ನಗುತ್ತಿದ್ದರು.

ಆ ಗಡಿಗೆ ಯುಗಾದಿಯ ಬೇವಿಗೆ. ನಮ್ಮ ಕಡೆ ಬೇವು ಅಂದರೆ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚುವ ಚಿಟಿಕೆಯಷ್ಟು ಬೇವುಬೆಲ್ಲವಲ್ಲ. ಹೊಸ ಗಡಿಗೆಯಲ್ಲಿ ಹುಣಸೆ ನೀರು, ಬೆಲ್ಲ, ತುರಿದ ಮಾವಿನಕಾಯಿ, ಪುಟಾಣಿ ಹಿಟ್ಟು, ಮೇಲೆ ಬೇವಿನ ಹೂವು ಹಾಕಿ ಮಾಡಿದ, ಲೋಟ ತುಂಬ ಕುಡಿಯುವ ಪಾನಕ. ತಂಬಿಗೆಯಲ್ಲಿ ತುಂಬಿಕೊಂಡು ಇವರ ಮನೆಯಿಂದ ಅವರ ಮನೆಗೆ, ಅವರ ಮನೆಯಿಂದ ಇವರ ಮನೆಗೆ ಕೊಡಬೇಕು. ಆದರೆ ವರ್ಷದೊಳಗೆ ಸಾವಾದ ಮನೆಯಲ್ಲಿ ಬೇವು ಮಾಡುವ ಹಾಗಿಲ್ಲ. ಆ ಮನೆಗೆ ನೆರೆಯವರು ಮಾಡಿ ಒಯ್ದು, ಮಾತಿಲ್ಲದೆ ಹೊಸ್ತಿಲ ಹತ್ತಿರ ಇಟ್ಟು ಬರಬೇಕು. ಇದು ನಮ್ಮ ಗಲ್ಲಿಯ ಪದ್ಧತಿ.

ನಾನು ಮೊದಲ ಬಾರಿಗೆ ಬಸುರಿಯಾಗಿದ್ದ ವರ್ಷ. ಸಂಕ್ರಾಂತಿ ಮುಗಿದಿತ್ತು. ಒಂದು ಬೆಳಿಗ್ಗೆ ವೈನಿಯ ಗಂಡ "ಭಾಲ್ಕಿಗಿ ಹೋಗಿ ಬರ್ತೇನಿ" ಎಂದು ಹೇಳಿ ರೈಲಿಗೆ ಹೋದವರು ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಭಾಲ್ಕಿ ಸ್ಟೇಷನ್ ಹೊರಗಿನ ಚಹದ ಅಂಗಡಿಯವನು ಅಂಥವರೊಬ್ಬರು ಚಹ ಕುಡಿದು ಹೋದರು ಎಂದನಂತೆ. ಅಷ್ಟೇ. ಪೊಲೀಸರಿಗೆ ಹೇಳಿದ್ದಾಯಿತು, ದವಾಖಾನೆಗಳನ್ನು ನೋಡಿದ್ದಾಯಿತು, ಉದಗೀರ, ಲಾತೂರು, ಹೈದರಾಬಾದ್ ಎಂದು ನನ್ನ ಗಂಡ ಮತ್ತು ಗಲ್ಲಿಯ ಗಂಡಸರು ಅಲೆದಿದ್ದಾಯಿತು. ಇದ್ದಾರೆಂದು ಹೇಳುವವರಿಲ್ಲ, ಇಲ್ಲವೆಂದು ಹೇಳುವವರೂ ಇಲ್ಲ. ಬಾಯಿಗೆ ಬಂದದ್ದು ಆಡುವವರಿಗೇನೂ ಬರವಿರಲಿಲ್ಲ. ಸನ್ಯಾಸಿಯಾದರು ಎಂದರು, ಇನ್ನೊಂದು ಮನೆ ಮಾಡಿದ್ದಾರೆ ಎಂದರು. ವೈನಿಯ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಎಂದರು.

ವೈನಿ ಮಾತ್ರ ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಓಡಾಡುತ್ತಿದ್ದರು. ಆ ವರ್ಷ ಹವಾ ತಿರುಗಿತೆಂದು ಯಾರೂ ಸಾರಲಿಲ್ಲ. ಬೇವಿನ ಮರ ತನ್ನ ಪಾಡಿಗೆ ತಾನು ಎಲೆ ಉದುರಿಸಿ, ಕೆಂಪಗೆ ಚಿಗುರಿ, ಹೂವು ಬಿಟ್ಟಿತು. ಅದರ ವಾಸನೆ ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ... ಬಸುರಿನ ಕಾರಣಕ್ಕೋ ಹೆದರಿಕೆಯ ಕಾರಣಕ್ಕೋ ತಿಳಿಯದು.

ಹಬ್ಬಕ್ಕೆ ಕೆಲವು ದಿನ ಇರುವಾಗ ಭಾತಂಬ್ರಾದಿಂದ ಅವರ ಮೈದುನ ಬಂದ. ಊರಿಗೆಲ್ಲ ವೈನಿಯಾದವರಿಗೆ ನಿಜವಾಗಿ ವೈನಿ ಎನ್ನಬೇಕಾದವನು ಅವನೊಬ್ಬನೇ. "ಎಷ್ಟ್ ದಿನ ಹಿಂಗ ಇರ್ತೀರಿ ವೈನಿ? ನಾಕ ಮಂದಿ ಏನೇನೋ ಅಂತಾರ. ಹಬ್ಬದ ಒಳಗ ಮುಂದಿನ ಕಾರ್ಯ ಮುಗಿಸಿಬಿಡಮು" ಎಂದ. ಅಂಗಳದಲ್ಲಿದ್ದ ನಮಗೆಲ್ಲ ಕೇಳಿಸಿತು. ವೈನಿ ಚಹದ ಕಪ್ಪನ್ನು ಅವನ ಮುಂದೆ ಇಟ್ಟು, "ಹೆಣ ತೋರಸ್ರಿ. ಇಲ್ಲೇ, ಎಲ್ಲರ ಮುಂದ ಕುಂಕುಮ ಅಳಸ್ತೇನಿ" ಎಂದರು. ಅವನು ಚಹ ಕುಡಿಯದೆ ಎದ್ದು ಹೋದ.

ಮರುದಿನ ವೈನಿ ಒಬ್ಬರೇ ಕುಂಬಾರರ ಓಣಿಗೆ ಹೋಗಿ ಗಡಿಗೆ ತಂದರು. ಟೊಂಕದ ಮೇಲೆ ಇಟ್ಟುಕೊಂಡು ಅಂಗಳಕ್ಕೆ ಕಾಲಿಟ್ಟಾಗ ಯಾರೂ ಆಡಿಕೊಳ್ಳಲಿಲ್ಲ. ಎಲ್ಲರಿಗೂ ಅದರ ಅರ್ಥ ತಿಳಿದಿತ್ತು, ಈ ಮನೆಯಲ್ಲಿ ಬೇವು ಮಾಡುತ್ತಾರೆ, ಈ ಮನೆಯಲ್ಲಿ ಸಾವಾಗಿಲ್ಲ. ನಮ್ಮ ಅತ್ತೆಗೆ ಮಾತ್ರ ಅನ್ನ ರುಚಿಸದಂತಾಯಿತು. "ನಾವ್ ಒಯ್ದರ ಅಕಿ ಗಂಡ ಸತ್ತಾನ ಅಂದಂಗ ಆಯ್ತು. ಒಯ್ಯದಿದ್ರ ಅಕಿ ತಂದಿದ್ದು ಕುಡೀಬೇಕು. ಅವ ಖರೇನೇ ಸತ್ತಿದ್ರ? ಮನ್ಯಾಗ ಬಸರಿ ಇದ್ದಾಳ..." ಎಂದು ಪಾತ್ರೆ ತಿಕ್ಕುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಯುಗಾದಿಯ ಬೆಳಿಗ್ಗೆ ಗಲ್ಲಿಯ ಹೆಂಗಸರಿಬ್ಬರು ತಂಬಿಗೆ ತಂದು ವೈನಿಯ ಹೊಸ್ತಿಲ ಹತ್ತಿರ ಮಾತಿಲ್ಲದೆ ಇಟ್ಟರು. ಕೆಟ್ಟ ಮನಸ್ಸಿನವರಲ್ಲ. ಪಾಪ, ಒಬ್ಬಂಟಿ ಹೆಂಗಸು ಹಬ್ಬದ ದಿನ ಬೇವಿಲ್ಲದೆ ಇರಬಾರದು ಎಂದೇ ತಂದಿದ್ದರು. ವೈನಿ ಹೊರಗೆ ಬಂದು ನೋಡಿದರು. ಬಗ್ಗಿ ತಂಬಿಗೆ ಎತ್ತಿ, ಅವರ ಕೈಗೇ ಮರಳಿ ಕೊಟ್ಟು, "ನಮ್ಮನ್ಯಾಗ ಯಾರೂ ಸತ್ತಿಲ್ಲರಿ" ಎಂದರು. ದನಿ ಏರಿಸಲಿಲ್ಲ. ಒಳಗೆ ಹೋಗಿ ತಮ್ಮ ತಂಬಿಗೆ ತುಂಬಿಕೊಂಡು ಬಂದು ಬಾಗಿಲಿನಿಂದ ಬಾಗಿಲಿಗೆ ಹೊರಟರು.

"ಇಡ್ರಿ, ಆಮ್ಯಾಲ ಕುಡೀತೇವಿ" ಎಂದರು ಎಲ್ಲರೂ. ಕೊನೆಗೆ ನಮ್ಮ ಮನೆ. ವೈನಿ ಒಂದು ಲೋಟ ಅತ್ತೆಗೆ, ಒಂದು ನನಗೆ ಬಗ್ಗಿಸಿ ಕೊಟ್ಟರು. ಅತ್ತೆ ಕಣ್ಣು ಮುಚ್ಚಿ ಗಟಗಟ ಕುಡಿದರು. ನಾನು ಲೋಟ ತುಟಿಗೆ ಒಯ್ಯುವಷ್ಟರಲ್ಲಿ ಅದನ್ನೂ ನನ್ನ ಕೈಯಿಂದ ಕಿತ್ತುಕೊಂಡು, "ಅಕಿಗಿ ಬೇವು ಆಗಿ ಬರಲ್ಲ, ಅಕಿಂದೂ ನಾನೇ ಕುಡೀತೇನಿ" ಎಂದು ಅದನ್ನೂ ಕುಡಿದುಬಿಟ್ಟರು. ವೈನಿ ಖಾಲಿ ಲೋಟ ನೋಡಿದರು, ನನ್ನ ಹೊಟ್ಟೆ ನೋಡಿದರು. ಅರ್ಥವಾಗದಿರಲು ಅವರೇನು ಸಣ್ಣ ಕೂಸೇ? "ಆಯ್ತ್ ಬಿಡ್ರಿ ಕಾಕು. ಯಾರರೆ ಒಬ್ಬರು ಕುಡದ್ರಲ್ಲ" ಎಂದು ಅತ್ತೆಯನ್ನು ನೋಡಿ ನಕ್ಕರು. ಆ ನಗು ನೋಡಿ ನನಗೆ ಅಳು ಬಂತು. ಅತ್ತೆಯ ಮೇಲೆ ಸಿಟ್ಟೂ ಬಂತು, ಅಷ್ಟೇ ಪ್ರೀತಿಯೂ ಬಂತು.

ಮಧ್ಯಾಹ್ನ ಅಂಗಳದ ಮೋರಿಯಲ್ಲಿ ಬೇವಿನ ಹೂವುಗಳು ತೇಲುತ್ತಿದ್ದವು. ಆಮೇಲೆ ಕುಡಿಯುತ್ತೇವೆ ಎಂದವರ ಬೇವು ಅದು. ವೈನಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಒಂದು ಬಕೆಟ್ ನೀರು ತಂದು ಸುರಿದು, ಹೂವೆಲ್ಲ ಹರಿದು ಹೋಗುವವರೆಗೆ ನಿಂತಿದ್ದು ಒಳಗೆ ಹೋದರು.

ಆಮೇಲಿನ ವರ್ಷಗಳಲ್ಲೂ ಅವರು ಬೇವು ಹಂಚುವುದು ಬಿಡಲಿಲ್ಲ. ಜನ ತೆಗೆದುಕೊಳ್ಳುತ್ತಿದ್ದರು, ಕುಡಿದರೋ ಚೆಲ್ಲಿದರೋ ವೈನಿ ತಿರುಗಿ ನೋಡುತ್ತಿರಲಿಲ್ಲ. ಅತ್ತೆ ಪ್ರತಿ ವರ್ಷ ನನ್ನ ಪಾಲನ್ನೂ ತಾವೇ ಕುಡಿಯುತ್ತಿದ್ದರು. ಅವರಿಬ್ಬರ ನಡುವೆ ಅದೊಂದು ಒಪ್ಪಂದವೇ ಆಗಿಹೋಗಿತ್ತು.

ಮಗಳು ಸಾಲೆಗೆ ಹೋಗತೊಡಗಿದ ವರ್ಷ, ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಮುಂದಿನ ಯುಗಾದಿಗೆ ನಮ್ಮ ಮನೆಯಲ್ಲಿ ಬೇವಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಹತ್ತಿರ ವೈನಿಯ ತಂಬಿಗೆ ಇತ್ತು. ಇಟ್ಟು ಸುಮ್ಮನೆ ಹೋಗಬೇಕಾದವರು ಹೋಗದೆ ಬೇವಿನ ಮರಕ್ಕೆ ಒರಗಿ ನಿಂತಿದ್ದರು. ನಾನು ಅಲ್ಲೇ ನಿಂತು, ಅವರು ನೋಡುತ್ತಿರುವಂತೆಯೇ ಲೋಟ ತುಂಬ ಬಗ್ಗಿಸಿಕೊಂಡು ಕುಡಿದೆ. ಹುಳಿ, ಸಿಹಿ, ಕೊನೆಗೆ ಗಂಟಲಲ್ಲಿ ಉಳಿಯುವ ಕಹಿ. ಅವರ ಗಂಡ ಕಾಣೆಯಾದ ಮೇಲೆ ವೈನಿಯ ಕೈಯ ಬೇವು ನನಗೆ ಸಿಕ್ಕಿದ್ದು ಆ ಒಂದು ಸಲ ಮಾತ್ರ.

ಏಕೆಂದರೆ ಮರುವರ್ಷ ಹಬ್ಬದ ಹಿಂದಿನ ದಿನ ಮರದ ಕೆಳಗೆ ಹೂವು ಆರಿಸುತ್ತಿದ್ದವರು, ಆರಿಸಿದ್ದನ್ನೆಲ್ಲ ಧೋತರದ ಸಮೇತ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು.

"ಇವು ನೀವ್ ಇಟ್ಕೊಳ್ರಿ. ಈ ಸಲ ನಮ್ಮನಿಗಿ ಬೇವು ನೀವೇ ತರ್ರಿ."

"ಏನರೆ ಸುದ್ದಿ ಬಂತೇನ್ರಿ ವೈನಿ?" ಎಂದೆ.

"ಸುದ್ದಿ ಎಲ್ಲಿಂದ ಬರ್ತದ್ರಿ... ಬಾಗಲ ಸಪ್ಪಳ ಆದಾಗೆಲ್ಲ ಎದ್ದು ನೋಡೋದು ಸಾಕಾತು" ಎಂದರು.

ಮರುದಿನ ತಂಬಿಗೆ ಹಿಡಿದು ಆ ಸಣ್ಣ ಅಂಗಳ ದಾಟುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ಹೊಸ್ತಿಲಿಗೆ ಇಡಲು ಮನಸ್ಸು ಬರಲಿಲ್ಲ, ಕೈಗೇ ಕೊಟ್ಟೆ. ಅವರು ಎರಡೂ ಕೈಯಿಂದ ತೆಗೆದುಕೊಂಡು, ನಿಂತಲ್ಲೇ ಲೋಟಕ್ಕೆ ಬಗ್ಗಿಸಿ ಕುಡಿದರು. "ಹುಳಿ ಜರಾ ಜಾಸ್ತಿ ಆಗ್ಯಾದ" ಎಂದರು. ಅವರ ಹಿಂದೆ, ಒಳಗಿನ ಮೂಲೆಯಲ್ಲಿ ಸಿಂಬಿ ಇತ್ತು, ಗಡಿಗೆ ಇರಲಿಲ್ಲ. ಹಣೆಯ ಕುಂಕುಮ ಹಾಗೇ ಇತ್ತು. ಅದನ್ನು ಅಳಿಸಿರಿ ಎನ್ನುವ ಧೈರ್ಯ ಗಲ್ಲಿಯಲ್ಲಿ ಯಾರಿಗೂ ಇರಲಿಲ್ಲ.

ಆ ಬೇಸಿಗೆಯಲ್ಲೇ ಅವರು ಔರಾದಿನಲ್ಲಿದ್ದ ತಂಗಿಯ ಮನೆಗೆ ಹೋದರು. ನಾವೂ ವಾಡೆ ಬಿಟ್ಟೆವು. ತವರಿಗೆ ಹೋದಾಗಲೆಲ್ಲ ಒಮ್ಮೆ ಅವರನ್ನು ನೋಡಿಬರುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು... ಈ ಚಳಿಗಾಲದಲ್ಲಿ ಹೋದಾಗ ಬಾಗಿಲಲ್ಲಿ ಅವರ ತಂಗಿ ಸಿಕ್ಕರು. ವೈನಿ ದೀಪಾವಳಿಗೆ ಮೊದಲೇ ತೀರಿಕೊಂಡಿದ್ದರು. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಲು ನಾನು ಅವರಿಗೆ ಏನಾಗಬೇಕು?

ಗಡಿಗೆಯ ಮುಂದೆ ಹೀಗೆ ಕುಳಿತಿದ್ದಾಗ ಮಗಳು ಒಳಗೆ ಬಂದಳು. ಅಂದು ನನ್ನ ಹೊಟ್ಟೆಯಲ್ಲಿದ್ದವಳು, ಈಗ ನನಗಿಂತ ಎತ್ತರ. "ಅವ್ವಾ, ಬೇವಿಗಿ ಬೆಲ್ಲ, ಪುಟಾಣಿ ತರ್ಲೇನು?" ಎಂದಳು.

"ಬ್ಯಾಡ. ಈ ವರ್ಷ ನಮ್ಮನ್ಯಾಗ ಬೇವು ಮಾಡೋದಿಲ್ಲ."

"ಯಾಕ? ನಮ್ಮನ್ಯಾಗ ಯಾರೂ ಸತ್ತಿಲ್ಲಲ್ಲ."

ವೈನಿ ಅಂದು ಅಂಗಳದಲ್ಲಿ ಹೇಳಿದ್ದೂ ಅದೇ ಮಾತು. ಅವಳಿಗೆ ಇದೆಲ್ಲವನ್ನೂ ಹೇಳಿದೆ. ಆಮೇಲೆ, ಗಡಿಗೆಯಲ್ಲಿ ನೀರು ಇಳಿದಿದ್ದು ನೋಡಿ ಇನ್ನೊಂದು ಕೊಡ ಸುರಿಯುತ್ತ, "ಹಂಗಾದ್ರ ಹಬ್ಬದ ದಿನ ನಮಗ ಯಾರು ತಂದು ಕೊಡ್ತಾರ?" ಎಂದು ಕೇಳಿದಳು.

ನಮ್ಮ ಮನೆಗೆ ತರಬೇಕಾದವರು ವೈನಿಯೇ ಅಲ್ಲವೇ.