ಫೋಟೋ ಬಂತು, ಹೆಸರು ಬರಲಿಲ್ಲ

‘ಡಿ ಡ್ರೈವ್ ಬಳಸಬೇಕಾದರೆ ಮೊದಲು ಅದನ್ನು ಫಾರ್ಮ್ಯಾಟ್ ಮಾಡಬೇಕು. ಮಾಡಲೇ?’

ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮ ಮನೆಯ ಕಂಪ್ಯೂಟರ್ ನನ್ನನ್ನು ಹೀಗೆ ಕೇಳಿತು. ಇಂಗ್ಲಿಷಿನಲ್ಲಿ ಕೇಳಿತು, ಬಹಳ ವಿನಯದಿಂದ ಕೇಳಿತು. ಕೆಳಗೆ ಎರಡು ಬಟನ್. ಒಂದು ಫಾರ್ಮ್ಯಾಟ್, ಇನ್ನೊಂದು ಕ್ಯಾನ್ಸಲ್.

ನಮ್ಮೆಜಮಾನರು ಹಿಂದಿನಿಂದ ಬಗ್ಗಿ ನೋಡಿ, “ಅದೇ ಕೇಳ್ತಾ ಇದೆಯಲ್ಲ, ಹೂಂ ಅನ್ನು” ಎಂದರು.

ನಾನು ಹೂಂ ಅನ್ನುವುದರಲ್ಲೇ ಇದ್ದೆ. ಮೌಸ್ ಅಲ್ಲಿಗೇ ಹೋಗಿತ್ತು. ಯಾಕೋ ಕೈ ತಡೆಯಿತು. ಫಾರ್ಮ್ಯಾಟ್ ಅಂದರೆ ಇದ್ದದ್ದೆಲ್ಲ ಅಳಿಸಿಹಾಕುವುದು ಎಂದು ಯಾವಾಗಲೋ ಯಾರೋ ಹೇಳಿದ್ದು ನೆನಪಾಯಿತು. ಆ ಡಿ ಡ್ರೈವ್‌ನಲ್ಲಿ ಇದ್ದದ್ದು ನನ್ನದಲ್ಲ. ಊರಿನವರದು.

ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ, ನಾನಿರುವುದು ಕೊಡಗಿನ ನೆಲ್ಯಹುದಿಕೇರಿಯಲ್ಲಿ. ಇಲ್ಲಿನ ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವಳು. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿದೆ. ಕೆಲವು ವರ್ಷಗಳ ಹಿಂದೆ ಹೊಳೆ ದಡ ಮೀರಿ ಕೆಳಗಿನ ಮನೆಗಳಿಗೆ ನುಗ್ಗಿತಲ್ಲ, ಆಗ ನಮ್ಮ ಮನೆಯ ಮೆಟ್ಟಿಲೂ ಒದ್ದೆಯಾಗಲಿಲ್ಲ. ನೀರಿಳಿದ ಮೇಲೆ ಕೆಳಗಿನವರು ವಾಪಸ್ ಬಂದರು. ಪಾತ್ರೆ ತೊಳೆದರು, ಹಾಸಿಗೆ ಬಿಸಿಲಿಗೆ ಹಾಕಿದರು, ಗೋಡೆಯ ಕೆಸರು ಕೆರೆದರು. ಆಲ್ಬಮ್‌ಗಳನ್ನು ಏನು ಮಾಡುವುದು? ಮದುವೆಯದು, ನಾಮಕರಣದ್ದು, ಗೃಹಪ್ರವೇಶದ್ದು, ಎಲ್ಲ ಕೆಸರು ಕುಡಿದು ಉಬ್ಬಿದ್ದವು.

ನನ್ನ ಹತ್ತಿರ ಒಂದು ಹಳೆಯ ಸ್ಕ್ಯಾನರ್ ಇತ್ತು. ತನ್ನಿ, ನೋಡೋಣ ಎಂದೆ. ತಂದರು. ಒಂದೊಂದೇ ಫೋಟೋ ಬಿಡಿಸಿ, ತಣ್ಣೀರಿನಲ್ಲಿ ಅದ್ದಿ ಕೆಸರು ಕಳೆದು, ಪೇಪರ್ ಮೇಲೆ ಒಣಗಿಸಿ, ಸ್ಕ್ಯಾನ್. ಕಾಫಿ ಪಿಕ್ಕಿಂಗ್ ಶುರುವಾಗುವವರೆಗೂ ನನಗೆ ಅದೇ ಕೆಲಸ. ಮನೆಗೊಂದು ಫೋಲ್ಡರ್. ಪ್ರತಿ ಫೋಟೋಗೂ ಒಂದು ಹೆಸರು, ಯಾರ ಮದುವೆ, ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬ ವಿವರ. (ಟೀಚರ್ ಬುದ್ಧಿ. ಹಾಜರಿ ಕರೆಯದೆ ಸಮಾಧಾನವಿಲ್ಲ.)

ಒರಿಜಿನಲ್ ಫೋಟೋಗಳು ಹೆಚ್ಚಿನವು ಆಮೇಲೆ ಉಳಿಯಲಿಲ್ಲ. ಬಣ್ಣ ಬಿಟ್ಟು, ಬೂಷ್ಟು ಹಿಡಿದು ಹೋದವು. ಅಂದಿನಿಂದ ಊರಲ್ಲಿ ಒಂದು ಮಾತು: “ಫೋಟೋ ಟೀಚರ್ ಕಂಪ್ಯೂಟರಲ್ಲಿ ಉಂಟು.” ತಿಥಿಗೆ, ಫ್ರೇಮ್ ಹಾಕಿಸಲು, ಮೊಮ್ಮಗಳಿಗೆ ತೋರಿಸಲು, ಯಾರಾದರೂ ಬರುತ್ತಲೇ ಇರುತ್ತಾರೆ. ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇನೆ. ಒಂದು ಲೋಟ ಕಾಫಿ, ಅರ್ಧ ಗಂಟೆ ಮಾತು.

ಬ್ಯಾಕಪ್? ಇರಲಿಲ್ಲ. ಮಾಡಬೇಕು, ಮಾಡಬೇಕು ಅಂದುಕೊಂಡೇ ವರ್ಷಗಳು ಹೋದವು. (ನಿಮ್ಮದು ಇದೆಯಾ? ನಿಜ ಹೇಳಿ.)

ತೊಂದರೆ ಶುರುವಾದದ್ದು ಸಿ ಡ್ರೈವ್‌ನಿಂದ. ಕಂಪ್ಯೂಟರಿನ ಒಳಗಿರುವುದು ಒಂದೇ ಹಾರ್ಡ್ ಡಿಸ್ಕ್. ಅದನ್ನು ಕೊಂಡ ದಿನವೇ ಅಂಗಡಿಯವರು ಎರಡು ಪಾಲು ಮಾಡಿಕೊಟ್ಟಿದ್ದರು. ಪಾರ್ಟಿಷನ್ ಎನ್ನುತ್ತಾರೆ. ಚಿಕ್ಕ ಪಾಲು ಸಿ, ವಿಂಡೋಸ್ ಇರುವುದು ಅಲ್ಲಿ. ದೊಡ್ಡ ಪಾಲು ಡಿ, ನಮ್ಮ ಸಾಮಾನೆಲ್ಲ ಅಲ್ಲಿ. ವರ್ಷ ಕಳೆದಂತೆ ವಿಂಡೋಸ್ ಮೈ ಬೆಳೆಸಿಕೊಂಡಿತು. ಸಿ ತುಂಬಿ ಗೆರೆ ಕೆಂಪಾಯಿತು. ಈ ಅಂಕಣವನ್ನು ಟೈಪ್ ಮಾಡಿ ಸೇವ್ ಕೊಟ್ಟರೂ ಜಾಗ ಇಲ್ಲ ಎನ್ನತೊಡಗಿತು. ಪಕ್ಕದ ಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದಿದೆ. ಅಲ್ಲಿಂದ ಸ್ವಲ್ಪ ತೆಗೆದು ಇಲ್ಲಿಗೆ ಕೊಟ್ಟರೆ ಆಯಿತಲ್ಲ?

ಯೂಟ್ಯೂಬ್ ನೋಡಿದೆ. ಒಬ್ಬರು ನಾಲ್ಕೇ ನಿಮಿಷದಲ್ಲಿ ಮಾಡಿ ತೋರಿಸಿದರು. ಅವರು ಹೇಳಿದಂತೆ ಮೊದಲು ಡಿಯನ್ನು ಕುಗ್ಗಿಸಿದೆ. ಖಾಲಿ ಜಾಗವೇನೋ ಸಿಕ್ಕಿತು, ಆದರೆ ಸಿಕ್ಕಿದ್ದು ಡಿಯ ಆಚೆ ಬದಿಗೆ. ಸಿ ಇರುವುದು ಈಚೆ ಬದಿಗೆ. ನಡುವೆ ಡಿ ಕಾಲು ಚಾಚಿ ಕೂತಿದೆ. ‘ಎಕ್ಸ್‌ಟೆಂಡ್’ ಎನ್ನುವ ಅಕ್ಷರ ಮಂಕಾಗಿ ಕಾಣುತ್ತಿದೆ, ಒತ್ತಿದರೆ ಕೇಳುವುದಿಲ್ಲ. ಹಾಗಾದರೆ ಡಿಯನ್ನು ಅದರೊಳಗಿನ ಸಾಮಾನು ಸಮೇತ ಆಚೆಗೆ ಸರಿಸಬೇಕು. ಅದಕ್ಕೆ ಬೇರೆಯೇ ಸಾಫ್ಟ್‌ವೇರ್. ಫ್ರೀ ಇತ್ತು, ಇಳಿಸಿಕೊಂಡೆ. ಬೆಳಗ್ಗೆ ಹತ್ತಕ್ಕೆ ‘ಅಪ್ಲೈ’ ಒತ್ತಿದೆ. ಕೆಲಸ ಮುಗಿಯುವ ತನಕ ಕರೆಂಟ್ ಹೋಗದಂತೆ ನೋಡಿಕೊಳ್ಳಿ ಎಂದು ಎಚ್ಚರಿಕೆ ಬಂತು.

ಕೊಡಗಿನಲ್ಲಿ ಕೂತವರಿಗೆ ಹೇಳುವ ಮಾತೇ ಇದು?

ಹನ್ನೆರಡು ಗಂಟೆಗೆ ನಲವತ್ತು ಪರ್ಸೆಂಟ್ ಆಗಿತ್ತು. ಎಲ್ಲೋ ತೋಟದಲ್ಲಿ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿತ್ತಂತೆ. ಕರೆಂಟ್ ಹೋಯಿತು. ಯುಪಿಎಸ್ ಮೂರು ಸಲ ಕೀಂ ಎಂದು ಸುಮ್ಮನಾಯಿತು. ಅದರ ಬ್ಯಾಟರಿ ಬದಲಿಸಬೇಕೆಂದು ನಮ್ಮೆಜಮಾನರು ಹೇಳಿ ಎರಡು ಮಳೆಗಾಲ ಕಳೆದಿತ್ತು. ಕರೆಂಟ್ ಬಂದಾಗ ಕಂಪ್ಯೂಟರ್ ಕೇಳಿದ್ದೇ ಆ ಪ್ರಶ್ನೆ.

ನಾನು ಯಾವ ಬಟನ್ನನ್ನೂ ಒತ್ತದೆ ಶಕೀಲಾಗೆ ಫೋನ್ ಮಾಡಿದೆ. ಸೇತುವೆ ದಾಟಿದರೆ ಸಿದ್ದಾಪುರ. ಅಲ್ಲಿ ಅವಳದ್ದು ಝೆರಾಕ್ಸ್, ಡಿಟಿಪಿ, ಕಂಪ್ಯೂಟರ್ ರಿಪೇರಿ ಎಲ್ಲ ಸೇರಿದ ಒಂದು ಅಂಗಡಿ. ನಲವತ್ತು ದಾಟಿದ ಹೆಂಗಸು. ನನ್ನ ಹತ್ತಿರವೇ ಓದಿದವಳಂತೆ. (ಅವಳಿಗೆ ನೆನಪಿದೆ, ನನಗಿಲ್ಲ. ಇಷ್ಟು ದಿನ ಹೇಳಿರಲಿಲ್ಲ, ಇವತ್ತು ಓದಿ ತಿಳಿದುಕೊಳ್ಳುತ್ತಾಳೆ.)

“ಟೀಚರೇ, ಎಂತದೂ ಒತ್ಬೇಡಿ,” ಅಂದಳು. “ಪ್ಲಗ್ ತೆಗೀರಿ. ಇನ್ನು ಅದನ್ನು ಆನ್ ಮಾಡ್ಲೇಬಾರ್ದು. ಹಾಗೇ ಇಲ್ಲಿಗೆ ತನ್ನಿ.”

ಸಿಪಿಯು ಡಬ್ಬವನ್ನು ಟವೆಲ್‌ನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಗುಂಡಿ ಬಂದಾಗಲೆಲ್ಲ ನಿಧಾನ, ನಿಧಾನ ಎಂದೆ. ಪೇಷಂಟ್ ಯಾರೆಂದು ಡ್ರೈವರ್ ಒಮ್ಮೆ ತಿರುಗಿ ನೋಡಿದ.

ಬೈಗುಳಕ್ಕೆ ನಾನು ತಯಾರಾಗಿಯೇ ಹೋಗಿದ್ದೆ. ಶಕೀಲಾ ಬೈಯಲಿಲ್ಲ. ಒಳಗೆ ಏನಿದೆ ಎಂದಷ್ಟೇ ಕೇಳಿದಳು. ಹೇಳಿದೆ. ಸ್ಕ್ರೂಡ್ರೈವರ್ ಪಕ್ಕಕ್ಕಿಟ್ಟಳು. ಆಮೇಲೆ ಮೇಜಿನ ಮೇಲಿದ್ದ ಬೇರೆ ಎರಡು ಕಂಪ್ಯೂಟರ್‌ಗಳನ್ನು ಕೆಳಗಿಟ್ಟು ಜಾಗ ಮಾಡಿದಳು. ಅರ್ಜಿ ತುಂಬಿಸಲು ಬಂದಿದ್ದವರನ್ನು ಪಕ್ಕದ ಅಂಗಡಿಗೆ ಕಳಿಸಿದಳು. ಅದೂ ಶಾಲೆಗಳ ಅಡ್ಮಿಷನ್ ಸೀಸನ್‌ನಲ್ಲಿ. ಮೊದಲು ಡಿಸ್ಕನ್ನು ಇದ್ದದ್ದು ಇದ್ದಹಾಗೆ ಇನ್ನೊಂದು ಡಿಸ್ಕಿಗೆ ಕಾಪಿ ಮಾಡುತ್ತಾಳಂತೆ, ಹುಡುಕುವುದೆಲ್ಲ ಆ ಕಾಪಿಯಲ್ಲೇ. ಒರಿಜಿನಲ್‌ಗೆ ಕೈ ಹಚ್ಚಿದರೆ ಇರುವುದೂ ಹೋಗಬಹುದು ಎಂದಳು. ಮೂರು ದಿನದ ಸಮಯ ಕೇಳಿದಳು.

ಆ ಮೂರು ದಿನ ನನಗೆ ಊಟ ರುಚಿಸಲಿಲ್ಲ. ಎರಡನೇ ದಿನ ಕೆಳಗಿನ ಸಾಲಿನ ಒಬ್ಬ ಹಿರಿಯರು ತಮ್ಮನ ಫೋಟೋ ಬೇಕೆಂದು ಬಂದರು. ಕಂಪ್ಯೂಟರ್ ರಿಪೇರಿಗೆ ಹೋಗಿದೆ ಎಂದೆ. ಸುಳ್ಳೇನಲ್ಲ. ಆದರೂ ಅವರ ಮುಖ ನೋಡಲಾಗಲಿಲ್ಲ. ಅವರು ಮಾತ್ರ ಆರಾಮಾಗಿ ಕಾಫಿ ಕುಡಿದರು. ಅರ್ಜೆಂಟ್ ಏನಿಲ್ಲ, ನಿಮ್ಮ ಹತ್ತಿರ ಇದೆ ಅಂದಮೇಲೆ ಚಿಂತೆ ಯಾಕೆ ಎಂದು ಹೇಳಿ ಹೊರಟರು. ಅದಕ್ಕಿಂತ ಎರಡೇಟು ಕೊಟ್ಟಿದ್ದರೆ ವಾಸಿಯಿತ್ತು.

ಮೂರನೇ ದಿನ ಸಂಜೆ ಶಕೀಲಾಳ ಫೋನ್ ಬಂತು.

“ಫೋಟೋ ಬಂತು ಟೀಚರ್. ಹೆಸರು ಬರ್ಲಿಲ್ಲ.”

ಓಡಿದೆ. ಸರಿಸುವ ಕೆಲಸ ಅರ್ಧಕ್ಕೆ ನಿಂತದ್ದರಿಂದ, ಯಾವ ಫೈಲ್ ಎಲ್ಲಿದೆ, ಅದರ ಹೆಸರೇನು ಎಂಬ ಪಟ್ಟಿಯೇ ಹಾಳಾಗಿತ್ತು. ಶಕೀಲಾ ಡಿಸ್ಕಿನ ಮೂಲೆಮೂಲೆ ಜಾಲಾಡಿ ಫೋಟೋಗಳನ್ನಷ್ಟೇ ಹೆಕ್ಕಿ ತೆಗೆದಿದ್ದಳು. ಕೆಲವು ಸಿಗಲೇ ಇಲ್ಲ. ಕೆಲವಕ್ಕೆ ಕೆಳಗಿನ ಅರ್ಧ ಬರೀ ಬೂದು ಬಣ್ಣ. ಒಬ್ಬ ಮದುಮಗನಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲ. ಆದರೂ ಬಹುಪಾಲು ಬಂದಿದ್ದವು. ಫೋಲ್ಡರ್‌ಗಳು ಮಾತ್ರ ಇಲ್ಲ. ಯಾರ ಮನೆಯದು ಯಾವುದು ಎಂಬುದಿಲ್ಲ. ಸಾವಿರಾರು ಫೋಟೋಗಳು, ಎಲ್ಲ ಒಂದೇ ರಾಶಿ, ಹೆಸರಿನ ಜಾಗದಲ್ಲಿ ಉದ್ದುದ್ದ ನಂಬರ್.

ನನಗೆ ಅಳು ಬಂತು. ಖುಷಿಗೋ, ದುಃಖಕ್ಕೋ ತಿಳಿಯಲಿಲ್ಲ. ಶಕೀಲಾ ಒಂದು ಗ್ಲಾಸ್ ನೀರು ಕೊಟ್ಟು, ಅಳು ಮುಗಿಯುವ ತನಕ ಝೆರಾಕ್ಸ್ ಮಷೀನ್ ಒರೆಸುತ್ತ ನಿಂತಳು.

ಇನ್ನು ಮುಚ್ಚಿಡುವುದು ಬೇಡ ಎನಿಸಿತು. ಮರುದಿನ ಕೆಳಗಿನ ಸಾಲಿನ ಜಾನಕಿಯ ಮನೆಗೆ ಹೋದೆ. ಅಂಗನವಾಡಿ ಸಹಾಯಕಿ. ಅವಳಿಗೆ ಗೊತ್ತಿಲ್ಲದ ಮನೆ ಊರಲ್ಲಿಲ್ಲ. ಅವಳಿಗೆ ಹೇಳಿದರೆ ಎಲ್ಲರಿಗೂ ಹೇಳಿದಂತೆ. ನಡೆದದ್ದನ್ನೆಲ್ಲ ಹೇಳಿ, ನನ್ನಿಂದ ತಪ್ಪಾಯಿತು, ನಂಬಿ ಕೊಟ್ಟದ್ದನ್ನು ಹಾಳು ಮಾಡಿದೆ ಎಂದೆ.

ಜಾನಕಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ ನೋಡಿದಳು.

“ಹೋಗಿದ್ದು ಹೆಸರು ತಾನೇ ಟೀಚರ್? ಅದು ಹೇಳ್ಲಿಕ್ಕೆ ನಾವಿಲ್ವಾ?”

ಆ ಭಾನುವಾರ ಶಕೀಲಾ ಎರವಲು ಕೊಟ್ಟ ಸಿಪಿಯು ಜೋಡಿಸಿ ನಮ್ಮ ಜಗಲಿಯಲ್ಲಿ ಮಾನಿಟರ್ ಇಟ್ಟೆವು. ಕೆಳಗಿನ ಸಾಲಿನವರು ಬಂದರು, ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳವರು ಬಂದರು. ನಮ್ಮೆಜಮಾನರು ಚಾಪೆ ಹಾಸಿದರು. ನಾನು ಒಂದೊಂದೇ ಫೋಟೋ ತೆರೆಯುವುದು, ಅವರು ಕೂಗುವುದು, ನಾನು ಟೈಪ್ ಮಾಡುವುದು. ಕನ್ನಡ, ಮಲಯಾಳ, ತಮಿಳು, ಅರೆಭಾಷೆ, ಎಲ್ಲದರಲ್ಲೂ ಕೂಗಿದರು. ತೊಟ್ಟಿಲ ಮಗು ತಮ್ಮದೆಂದು ಎರಡು ಮನೆಯವರು ಹಟ ಹಿಡಿದರು. ಅವತ್ತು ಫೋಟೋ ಕೇಳಲು ಬಂದಿದ್ದ ಹಿರಿಯರು ಒಂದು ಚಿತ್ರದಲ್ಲಿ ಮೊದಲು ಆಡನ್ನು ಗುರುತಿಸಿದರು, ಆಮೇಲೆ ಅದನ್ನು ಹಿಡಿದು ನಿಂತಿದ್ದ ತಮ್ಮನನ್ನು. ಹೀಗೆ ಈವರೆಗೆ ಮೂರು ಭಾನುವಾರ ನಡೆದಿದೆ. ನಾನು ಅಷ್ಟೊಂದು ನಕ್ಕು ಎಷ್ಟು ಕಾಲವಾಗಿತ್ತೋ.

ಎರಡನೇ ಭಾನುವಾರ ಜಾನಕಿಯ ಜೊತೆ ಸೆಲ್ವಿ ಬಂದಿದ್ದಳು. ಎಸ್ಟೇಟ್‌ನಲ್ಲಿ ಕೆಲಸ ಮಾಡುವವಳು, ವಯಸ್ಸು ಐವತ್ತರ ಹತ್ತಿರ. ಅವಳದ್ದು ಎಂದು ಒಂದು ಫೋಟೋವೂ ನನ್ನಲ್ಲಿರಲಿಲ್ಲ. ಹೊಳೆ ಬಂದ ವರ್ಷ ಅವಳೂ ಒಂದು ಆಲ್ಬಮ್ ತಂದಿದ್ದಳು. ಹಾಳೆಗಳು ಅಂಟಿ ಮುದ್ದೆಯಾಗಿದ್ದವು. ಎಷ್ಟು ಪ್ರಯತ್ನಿಸಿದರೂ ಬಿಡಿಸಲಾಗದೆ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ವಾಪಸ್ ಕೊಟ್ಟಿದ್ದೆ. ಸರಿ ಟೀಚರ್ ಎಂದಷ್ಟೇ ಹೇಳಿ ತೆಗೆದುಕೊಂಡು ಹೋಗಿದ್ದಳು. ಈಗ ಅವಳು ಬಂದದ್ದು ಸುಮ್ಮನೆ, ಬೇರೆಯವರ ಫೋಟೋ ನೋಡಲು.

ಜಾನಕಿಯ ಮದುವೆಯ ಫೋಟೋ ಬಂತು. ಬಾಳೆಎಲೆ ಹಾಕಿ ಊಟಕ್ಕೆ ಕೂತ ಸಾಲು. ಎಲ್ಲರೂ ಜಾನಕಿಯ ಗಂಡನ ಆಗಿನ ಕೂದಲಿನ ಬಗ್ಗೆ ಮಾತಾಡತೊಡಗಿದರು. ನಾನು ಮುಂದಿನದಕ್ಕೆ ಹೋಗುವುದರಲ್ಲಿದ್ದೆ.

“ಟೀಚರ್, ಒಂದು ನಿಮಿಷ,” ಎಂದಳು ಸೆಲ್ವಿ. ಎದ್ದು ಹತ್ತಿರ ಬಂದಳು. ಚಪ್ಪರದ ಕಂಬದ ಹಿಂದೆ ಬಕೆಟ್ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಹಸಿರು ಸೀರೆ. ಒಂದು ಭುಜ ಕಂಬಕ್ಕೆ ಮರೆಯಾಗಿತ್ತು, ಮುಖ ಈ ಕಡೆಗಿತ್ತು.

“ನಮ್ಮಮ್ಮ. ಅಮ್ಮ ಹೋದ್ಮೇಲೆ ಈ ಸೀರೆಲೇ ನನ್ನ ಮಗನಿಗೆ ತೊಟ್ಟಿಲು ಕಟ್ಟಿದ್ದು.”

ಜಾನಕಿ ಬಂದು ಅವಳ ಪಕ್ಕ ನಿಂತಳು. ಅವತ್ತು ಸೆಲ್ವಿಯ ಅಮ್ಮ ಬೆಳಕು ಹರಿಯುವ ಮೊದಲೇ ಬಂದು ಇಡೀ ಊಟಕ್ಕೆ ತೆಂಗಿನಕಾಯಿ ಅರೆದು ಕೊಟ್ಟಿದ್ದಳಂತೆ. ಫೋಟೋಗೆ ಬಾ ಎಂದು ಎಷ್ಟು ಕರೆದರೂ ನಾಚಿಕೊಂಡು ಬರಲಿಲ್ಲವಂತೆ. ಇದನ್ನೆಲ್ಲ ಜಾನಕಿ ಮೊದಲ ಸಲ ಹೇಳಿದಳು, ಸೆಲ್ವಿ ಮೊದಲ ಸಲ ಕೇಳಿದಳು.

ನಾನು ಮುಖ ದೊಡ್ಡದಾಗಿ ಕಾಣಲೆಂದು ಝೂಮ್ ಮಾಡಿದೆ. ಚಿತ್ರ ಚೌಕಚೌಕವಾಗಿ ಒಡೆದು, ಹಸಿರು ಕಲೆ ಮಾತ್ರ ಉಳಿಯಿತು.

“ದೊಡ್ಡದು ಮಾಡ್ಬೇಡಿ ಟೀಚರ್,” ಎಂದಳು ಸೆಲ್ವಿ. “ಅಷ್ಟು ದೂರದಲ್ಲೇ ಇರಲಿ. ಅಲ್ಲಿದ್ರೇನೇ ಅಮ್ಮನ ಹಾಗೆ ಕಾಣೋದು.”

ಆ ಫೋಟೋವನ್ನು ಸ್ಕ್ಯಾನ್ ಮಾಡಿದ್ದು ಇದೇ ಕೈ. ಹೆಸರು ಟೈಪ್ ಮಾಡಿದ್ದೂ ಇದೇ ಕೈ. ‘ಜಾನಕಿ ಮದುವೆ, ಊಟದ ಸಾಲು’ ಎಂದೋ ಏನೋ ಬರೆದಿರುತ್ತೇನೆ. ಕೂತವರನ್ನು ಬರೆದೆ, ನಿಂತವಳನ್ನು ಬರೆಯಲಿಲ್ಲ. ಫೋಲ್ಡರ್‌ಗಳು ಸರಿಯಾಗಿದ್ದಿದ್ದರೆ ಅದು ಜಾನಕಿಯ ಫೋಲ್ಡರ್‌ನಲ್ಲೇ ಇರುತ್ತಿತ್ತು. ಅದನ್ನು ಸೆಲ್ವಿಯ ಮುಂದೆ ನಾನು ಯಾಕೆ ತೆರೆಯುತ್ತಿದ್ದೆ? ಲೈನಿನ ಮೇಲೆ ಬಿದ್ದ ಆ ಕೊಂಬೆಗೂ ನಾನು ಥ್ಯಾಂಕ್ಸ್ ಹೇಳಬೇಕೇನೋ.

ಈಗ ಕಂಪ್ಯೂಟರ್ ಮನೆಗೆ ಬಂದಿದೆ. ಪಾರ್ಟಿಷನ್ ಕೆಲಸವನ್ನು ಶಕೀಲಾಳೇ ಮುಗಿಸಿಕೊಟ್ಟಳು. ಸಿ ಡ್ರೈವ್‌ಗೆ ಬೇಕಾದಷ್ಟು ಜಾಗ ಸಿಕ್ಕಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ. ಫೋಟೋಗಳ ಒಂದು ಕಾಪಿ ಶಕೀಲಾಳ ಅಂಗಡಿಯಲ್ಲಿ, ಇನ್ನೊಂದು ಜಾನಕಿಯ ಬೀರುವಿನಲ್ಲಿ. ಸೆಲ್ವಿಗೆ ಶಕೀಲಾ ಒಳ್ಳೆಯ ಪೇಪರ್‌ನಲ್ಲಿ ಪ್ರಿಂಟ್ ತೆಗೆದುಕೊಟ್ಟಳು. ಊಟಕ್ಕೆ ಕೂತವರನ್ನು ಕತ್ತರಿಸಿ ಅಮ್ಮನನ್ನು ಮಾತ್ರ ಇಡಲೇ ಎಂದು ಕೇಳಿದರೆ, ಎಲ್ಲರೂ ಇರಲಿ, ಊಟ ಮಾಡುತ್ತಿದ್ದಾರಲ್ಲ ಎಂದಳಂತೆ.

ಹೆಸರು ಬರೆಯುವ ಕೆಲಸ ಇನ್ನೂ ನಡೆಯುತ್ತಿದೆ. ಈ ಸಲ ಕೂತವರದ್ದಷ್ಟೇ ಅಲ್ಲ, ಬಡಿಸಿದವರದ್ದು, ನೀರು ತಂದವರದ್ದು, ಬಾಗಿಲ ಮರೆಯಲ್ಲಿ ನಿಂತವರದ್ದು, ಎಲ್ಲರದ್ದೂ. ಗೊತ್ತಿಲ್ಲದಿದ್ದರೆ ಮುಂದಿನ ಭಾನುವಾರ ಬರುವವರನ್ನು ಕೇಳುತ್ತೇನೆ.

ನಿಮ್ಮ ಮದುವೆಯ ಆಲ್ಬಮ್ ಒಮ್ಮೆ ತೆಗೆದು ನೋಡಿ. ಹಿಂದೆ ನಿಂತಿರುವವಳು ಯಾರ ಅಮ್ಮ?