ಡಾಕ್ಟರಮ್ಮ ಹೇಳಿದ್ದು, ನಾನು ಹೇಳದ್ದು

ಡಾಕ್ಟರಮ್ಮ ಹೇಳಿಕಳಿಸಿದ ಮಾತನ್ನು ನಾನು ಮನೆಗೆ ತಲುಪಿಸಲಿಲ್ಲ. ಸವದತ್ತಿಯಿಂದ ರಾಮದುರ್ಗದವರೆಗೆ ಟೆಂಪೊದಲ್ಲಿ ಮೊಟ್ಟೆಗಳನ್ನು ಒಡೆಯದಂತೆ ಒಯ್ಯುವವನು ನಾನು; ಅಷ್ಟು ಮಾತು ಒಯ್ಯಲಾಗಲಿಲ್ಲ.

ತಂಗಿ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಸ್ಕ್ಯಾನಿಂಗಿಗೆಂದು ಅವಳಿಗೆ ಎರಡು ಬಾಟಲಿ ನೀರು ಕುಡಿಸಿದ್ದರು. ಮುಗಿದದ್ದೇ ತಡ, ಶೌಚಾಲಯಕ್ಕೆ ಓಡಿದಳು. ಡಾಕ್ಟರಮ್ಮನ ಕೈಗೆ ಸಿಕ್ಕವನು ನಾನು.

“ಕೂಸಿಗೆ ಊಟ ಸಾಗಸೂ ಮಾಸು ಗರ್ಭಚೀಲದಾಗ ಕೆಳಗ, ಒಂದ ಮಗ್ಗಲಕ್ಕ ಐತ್ರಿ. ಕೂಸಿನ ಬೆಳವಣಿಗಿನೂ ಕಡಿಮಿ ಐತಿ. ಮಾಸಿನಿಂದನ ಹಂಗಾಗೈತಿ ಅಂತ ಈಗ ಹೇಳಾಕ ಬರೂದಿಲ್ಲ. ಚಲೋತ್ನಂಗ ಉಣ್ಣಲಿ, ವಜ್ಜಿ ಎತ್ತೂದು ಬ್ಯಾಡ. ಮೂರು ವಾರಕ್ಕ ಮತ್ತ ಕರಕೊಂಡ ಬರ್ರಿ. ತಿಳೀತೇನ್ರಿ?”

“ತಿಳೀತ್ರಿ,” ಎಂದೆ, ಗೋಡೆಯ ಕ್ಯಾಲೆಂಡರ್ ನೋಡುತ್ತ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನಾದರೂ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ತಂಗಿಯ ಗರ್ಭಚೀಲದ ಸುದ್ದಿಯನ್ನು ಅವ್ವನ ಮುಂದೆ ಹೇಗೆ ಆಡಲಿ ಎಂದು ನಾಚಿಕೆಯಾಯಿತು, ಅಷ್ಟೇ.

ಅವ್ವ ಕೇಳಿದಾಗ, “ಎಲ್ಲಾ ಬರೋಬರಿ ಐತಿ. ಕೂಸು ಒಂಚೂರು ಸಣ್ಣದೈತಿ,” ಎಂದೆ.

“ಸಣ್ಣದಿದ್ರ ಹಡಿಯೂದು ಹಗೂರ,” ಎಂದು ಅವ್ವ ಹಿಗ್ಗಿ, ಅಂದೇ ತಂಗಿಯ ತಾಟಿನಿಂದ ಒಂದು ರೊಟ್ಟಿ ತೆಗೆದಳು. ಬಸುರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವೆಂದು ನಮ್ಮ ಓಣಿಯ ಹೆಂಗಸರು ನಂಬಿದ್ದರು. ತಂಗಿ ಶೇಂಗಾ ಕದ್ದು ತಿಂದು, ಸಿಪ್ಪೆಯನ್ನು ನನ್ನ ಅಂಗಿಯ ಕಿಸೆಗೆ ತುಂಬತೊಡಗಿದಳು. ಬೈಗುಳ ನನಗೆ. ಇನ್ನೊಂದು ದೊಡ್ಡ ಬೈಗುಳ ತಪ್ಪಿಸಿಕೊಂಡವನು, ಬಾಯಿ ಮುಚ್ಚಿಕೊಂಡು ಕೇಳಿದೆ. ನಳದ ನೀರೂ ನಾನೇ ತಂದೆ.

“ಯಾಕಣ್ಣಾ, ಈ ಹುಟ್ಟಿನ್ಯಾಗ ಕೊಡಾ ಮುಟ್ಟದಾವ ನೀನು? ಯಾರಿಗರೆ ತೋರಸಾಕ ಹತ್ತಿಯೇನ?” ಎಂದು ತಂಗಿ ನಕ್ಕಳು.

ಮೂರು ವಾರ ಹೋಗಿ ನಾಲ್ಕನೆಯದು ಬಂತು. ಒಂದು ಬೆಳಿಗ್ಗೆ ಅವಳೇ, “ನಿನ್ನೆಯಿಂದ ಕೂಸು ಒದಿಯೂದು ಕಡಿಮಿ ಆಗೈತಿ. ಅದಕ್ಕೂ ಹಸಿವಿ ಆಗಿರಬೇಕು,” ಎಂದಳು. ನನಗೆ ನಗು ಬರಲಿಲ್ಲ. ಟೆಂಪೊದ ಸರಕನ್ನು ಕಟ್ಟೆಯ ಮೇಲೆ ಇಳಿಸಿ, ಅವಳನ್ನು ಕೂರಿಸಿಕೊಂಡು ಹೊರಟೆ.

ಕೂಸಿನ ಎದೆಬಡಿತ ಸರಿಯಾಗಿತ್ತು. ಗರ್ಭಚೀಲ ಬೆಳೆದಂತೆ ಮಾಸೂ ಮೇಲೆ ಸರಿದಿತ್ತು. ಕೂಸು ಮಾತ್ರ ಇನ್ನೂ ಸಣ್ಣದು; ಇನ್ನು ವಾರಕ್ಕೊಮ್ಮೆ ತೋರಿಸಬೇಕು.

“ಹೋದ ವಾರನ ಬರಬೇಕಿತ್ತಲ್ರಿ? ನಿಮ್ಮ ಅಣ್ಣಗ ಎಲ್ಲಾ ಹೇಳಿದ್ನಿ,” ಎಂದರು ಡಾಕ್ಟರಮ್ಮ.

ತಂಗಿ ಹೊರಗಿನ ಬಾಕಿನ ಮೇಲೆ ಕುಳಿತು ನನ್ನನ್ನೇ ನೋಡಿದಳು.

“ತಪ್ಪಾತವಾ ತಂಗಿ,” ಎಂದೆ. “ನಾಚಿಕಿಗೆ ಹೇಳಲಿಲ್ಲ ನಾನು. ನಿನ್ನ ತಾಟಿನ್ಯಾಗಿನ ರೊಟ್ಟಿ ಕಸಗೊಂಡಾವ ನಾನ. ತಪ್ಪಾತು.”