ಸೇತುವೆ ಕಂಡಲ್ಲೆಲ್ಲ ಇಳಿಯುತ್ತಿದ್ದ ಮಾವ

ಸೇತುವೆಯ ಕೆಳಗೆ ನಿಂತು ಮೇಲೆ ನೋಡುವಾಗ ನಮ್ಮ ಮಾವನ ಗಂಟಲಮಣಿ ಮೇಲೇರಿ ಅಲ್ಲೇ ನಿಂತುಬಿಡುತ್ತಿತ್ತು. ಬಾಯಿ ಅರ್ಧ ತೆರೆದಿರುತ್ತಿತ್ತು, ಮೇಲಕ್ಕೆತ್ತಿ ಕಟ್ಟಿದ ಪಂಚೆ, ಕೈಯಲ್ಲೊಂದು ಬಿದಿರಿನ ಗಳ. ಹಿಂದೆ ಬಸ್ಸಿನವನು ಎಷ್ಟೇ ಹಾರನ್ ಹೊಡೆಯಲಿ, ಗಳವನ್ನು ಎಡಕ್ಕೆ, ಬಲಕ್ಕೆ, ನಡುವಿಗೆ ಎತ್ತಿ ಹಿಡಿದು ನೋಡದೆ ಅವರು ನನಗೆ ಕೈ ಬೀಸುತ್ತಿರಲಿಲ್ಲ. ಟ್ರ್ಯಾಕ್ಟರಿನ ಮೇಲೆ ನಾನು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ. ಹೆಣ್ಣು ಕೊಟ್ಟ ಮಾವ, ಬೈಯುವುದಾದರೂ ಹೇಗೆ?

ಸಾಸ್ವೆಹಳ್ಳಿಯ ನಮ್ಮ ಮನೆಯಲ್ಲಿ ಮೆಕ್ಕೆಜೋಳ ಒಕ್ಕುವ ಮಿಷಿನ್ ಇತ್ತು. ಸುಗ್ಗಿ ಬಂತೆಂದರೆ ಅದನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿಕೊಂಡು ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಮುಗಿಸಿ ಕೊನೆಗೆ ಜಗಳೂರಿನ ತನಕ ಹೋಗುತ್ತಿದ್ದೆವು. ಕಾಳನ್ನು ಮೇಲೆತ್ತಿ ಸುರಿಯುವ ಅದರ ಕೊಳವೆ ಸಣ್ಣ ಮನೆಯ ಮಾಳಿಗೆಗಿಂತ ಎತ್ತರ. ಸೇತುವೆಯಡಿ ಅದು ಹಾಯುತ್ತದೋ ಇಲ್ಲವೋ ಎಂದು ಅಳೆಯಲೇ ಆ ಗಳ. ಬೋಲ್ಟ್ ಬಿಚ್ಚಿ ಮಲಗಿಸಬಹುದಾಗಿದ್ದ ಕೊಳವೆಯನ್ನು, ಕುಲುಕಾಟಕ್ಕೆ ಸಡಿಲವಾಗುತ್ತದೆಂದು ಮಾವ ವೆಲ್ಡಿಂಗ್ ಮಾಡಿಸಿಬಿಟ್ಟಿದ್ದರು. ಅಲ್ಲಿಂದ ಶುರುವಾಯಿತು ನನ್ನ ಪಾಡು. ರೈಲು ಹಳಿಯ ಕೆಳಗಿನ ದಾರಿ ಬೇಡ, ನಾಲೆಯ ನೀರು ರಸ್ತೆಯ ಮೇಲಿಂದ ಹಾಯುವ ಮೇಲ್ಗಾಲುವೆ ಇದ್ದ ದಾರಿಯೂ ಬೇಡ. ಬೆಳಗಿನ ತಿಂಡಿಯ ಹೊತ್ತಿಗೆ ತಲುಪಬೇಕಾದ ಊರನ್ನು ಸೂಳೆಕೆರೆಯ ಏರಿ ಸುತ್ತಿ ಮಧ್ಯಾಹ್ನ ಮುಟ್ಟುತ್ತಿದ್ದೆವು.

ಹೋದ ವರ್ಷ ಇದರಡಿಯೇ ಆರಾಮಾಗಿ ಹೋಗಿದ್ದೆವಲ್ಲ ಎಂದರೆ ಅವರದು ಒಂದೇ ಉತ್ತರ: "ಹೋದ ವರ್ಸದ ಸೇತುವೆ ಈ ವರ್ಸ ಇರಲ್ಲ ಅಳಿಯಂದ್ರೆ. ಟಾರು ಹಾಕಿರ್ತಾರೆ, ರಸ್ತೆ ಮೇಲೆ ಬಂದಿರ್ತೈತೆ." ಫೋನಿನಲ್ಲಿ ದಾರಿ ತೋರಿಸಿದರೆ, ಅದರೊಳಗೆ ಮಾತಾಡೋ ಹೆಣ್ಮಗಳು ನಮ್ಮ ಮಿಷಿನ್ ನೋಡಿದ್ದಾಳೇನು ಎಂದು ಕೇಳುತ್ತಿದ್ದರು. ಸಿಟ್ಟು ಬರುತ್ತಿತ್ತು. ನನ್ನ ಹೆಂಡತಿಗೆ ದೂರು ಹೇಳಿದರೆ, ಅಪ್ಪನ ಮಗಳಾಗಿ ಅವಳು ನಕ್ಕು ಒಳಗೆ ಹೋಗುತ್ತಿದ್ದಳು.

ಒಂದು ವರ್ಷ ಜಗಳೂರಿನ ಹತ್ತಿರದ ಹಳ್ಳಿಯ ಹೆಣ್ಣುಮಗಳೊಬ್ಬಳು ಎರಡು ದಿನದಿಂದ ಫೋನ್ ಮಾಡುತ್ತಿದ್ದಳು. ಗಂಡ ಇಲ್ಲದಾಕೆ, ತಾನೇ ನಿಂತು ಬೆಳೆ ತೆಗೆದವಳು. ತೆನೆ ಮುರಿಸಿ ಕಣದಲ್ಲಿ ರಾಶಿ ಹಾಕಿದ್ದಾಳೆ, ಮೋಡ ಕಟ್ಟಿದೆ, ಬೇಗ ಬನ್ನಿ ಎನ್ನುತ್ತಿದ್ದಳು. ಚನ್ನಗಿರಿಯಲ್ಲಿ ಕೆಲಸ ಮುಗಿಸಿ ಹೊರಟಾಗ ರೈಲು ಹಳಿಯ ಕೆಳಗಿನ ದಾರಿಯಲ್ಲಿ ಹೋಗೋಣವೆಂದು ಬೇಡಿಕೊಂಡೆ. ಮಾವ ಒಪ್ಪಲಿಲ್ಲ. ಹಳಿಯ ಮೇಲೆ ಹಾಯುವ ಸೇತುವೆ ಇರುವ ಕಡೆ ಸುತ್ತಿಸಿದರು. ಹಳಿ ದಾಟಿದೆವು. ಮುಂದಿನ ಹಳ್ಳಿಯ ಬಾಗಿಲಲ್ಲಿ ಹೊಸದಾಗಿ ಕಟ್ಟಿದ್ದ ಸ್ವಾಗತ ಕಮಾನು. ಆ ಕಡೆಯಿಂದ ಮುಂದೆ ಹೋಗಲು ಇದ್ದದ್ದು ಅದೊಂದೇ ದಾರಿ. ಮಾವ ಇಳಿದು ಗಳ ಎತ್ತಿದರು. ಕೊಳವೆ ಹಾಯುವಂತಿರಲಿಲ್ಲ.

ಎರಡೂ ಕಡೆ ಚರಂಡಿ. ಮಿಷಿನ್ ಕಟ್ಟಿಕೊಂಡು ಹಿಂದಕ್ಕೆ ಬರುವುದು ಆಗದ ಮಾತು. ಕೊಂಡಿ ಕಳಚಿ, ಊರಿನವರನ್ನು ಕರೆದು, ಕೈಯಿಂದ ತಳ್ಳಿ ತಿರುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಯ ಸಲ ಎತ್ತಿದಾಗ ಆ ಕಡೆಯಿಂದ ಮಳೆಯ ಸದ್ದು ಮಾತ್ರ ಕೇಳಿಸಿತು. ಮಾವನ ಮುಖ ನೋಡಿದರೆ ಬೈದುಬಿಡುತ್ತೇನೆಂದು ನಾನು ತಿರುಗಿ ನಿಂತೆ.

ಬಂದ ದಾರಿಯಲ್ಲೇ ಹಿಂದಿರುಗಿ, ಬೇರೆ ಕಡೆಯಿಂದ ಸುತ್ತಿ ಮರುದಿನ ಬೆಳಿಗ್ಗೆ ಆಕೆಯ ಕಣ ಮುಟ್ಟಿದಾಗ ಟಾರ್ಪಾಲು ಹಾರಿ ಬೇಲಿಗೆ ಸಿಕ್ಕಿಕೊಂಡಿತ್ತು. ರಾಶಿ ನೆನೆದಿತ್ತು. ಆಕೆ ತೆನೆಗಳ ನಡುವೆ ಕೂತಿದ್ದಳು. ಅವಳ ಅಣ್ಣ ಸೀದಾ ನನ್ನ ಕಡೆ ಬಂದು, ಎಲ್ಲಿ ಕುಡಿದು ಬಿದ್ದಿದ್ದೆ ಡ್ರೈವರ್ ಎಂದು ಶುರುಮಾಡಿದ. ಮಾವ ನಡುವೆ ಬಂದು ನಿಂತರು.

"ಅವರಿಗೆ ಅನ್ನಬ್ಯಾಡ್ರಿ. ಅವರು ಬ್ಯಾರೆ ದಾರಿ ಹೇಳಿದ್ರು. ನಾನು ಕೇಳಲಿಲ್ಲ. ಬೈಯೋದಿದ್ರೆ ನನಗೆ ಬೈರಿ."

ಆತ ಬೈದ, ಮನಸಾರೆ ಬೈದ. ಮಾವ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂಗಿ ಕಳಚಿ ಬೇಲಿಗೆ ಹಾಕಿ, ತೆನೆ ಹರಡಲು ಕೂತರು.

ಜಗಳೂರಿನ ಸುತ್ತಲಿನ ಬೇರೆ ಹಳ್ಳಿಗಳಿಂದ ರೈತರು ಫೋನ್ ಮಾಡುತ್ತಿದ್ದರು. ಹೋಗೋಣ, ಒಣಗಿದ ಮೇಲೆ ಬಂದು ಒಕ್ಕೋಣ ಎಂದೆ. ಮಾವ ಮೇಲೆ ನೋಡಲಿಲ್ಲ. "ಇದು ಒಣಗೋ ತನಕ ನಾನು ಬರಾಕೆ ಆಗಲ್ಲ. ನೀವು ಬೇಕಾದ್ರೆ ಹೋಗ್ರಿ." ಅವರನ್ನು ಬಿಟ್ಟು ಎಲ್ಲಿಗೆ ಹೋಗಲಿ? ಬಿಸಿಲು ಬಂದಾಗ ಹರಡಿ, ಮೋಡ ಬಂದಾಗ ಗುಡ್ಡೆ ಮಾಡಿ ಮುಚ್ಚಿ, ದಿನಗಟ್ಟಲೆ ಅಲ್ಲೇ ಇದ್ದೆವು. ಬೂಷ್ಟು ಹಿಡಿದ ತೆನೆಗಳನ್ನು ಅವರು ಒಂದೊಂದಾಗಿ ಬೇರೆ ಮಾಡಿದರು. ಮೊದಮೊದಲು ಮುಖ ತಿರುಗಿಸುತ್ತಿದ್ದ ಆಕೆ ಕೊನೆಕೊನೆಗೆ ರೊಟ್ಟಿ ತಂದು ಮಾವನ ಪಕ್ಕದಲ್ಲೇ ಕೂತು ತೆನೆ ಆರಿಸತೊಡಗಿದಳು. ಹೆಚ್ಚಿನ ಕಾಳು ಉಳಿಯಿತು. ಆಕೆಯೂ ಅವಳ ಅಣ್ಣನೂ ಮರುವರ್ಷ ನಮ್ಮನ್ನೇ ಕರೆದರು.

ಇಷ್ಟಾದ ಮೇಲೆ ಮಾವ ಸುಧಾರಿಸಿದರೇ? ಇಲ್ಲ. ವಾಪಸು ಬರುವಾಗಲೂ ಸುತ್ತು ದಾರಿಯೇ; ಈಗ ಕಮಾನುಗಳೂ ಸೇರಿಕೊಂಡವು. ಜೀವ ಹಿಂಡಿದರು. ಆದರೆ ತಪ್ಪಾದಾಗ ಇನ್ನೊಬ್ಬರ ಹೆಗಲು ಹುಡುಕದೆ ‘ಮಾಡಿದ್ದು ನಾನು’ ಎಂದು ಹೇಳುವ ಗಂಡಸನ್ನು ನಾನು ಮೊದಲು ಕಂಡದ್ದು ಆ ಕಣದಲ್ಲಿ. ಈಗ ನನ್ನಿಂದ ಆ ಮಾತು ಹೊರಡುತ್ತಿದ್ದರೆ ಅದು ಅವರು ಕೊಟ್ಟದ್ದು.

ಈ ವರ್ಷ ಮುಂಗಾರಿನಲ್ಲಿ ಮಾವ ಎರಡು ದಿನದ ಎದೆನೋವಿನಲ್ಲೇ ಹೋಗಿಬಿಟ್ಟರು. ಸುಗ್ಗಿಗೆ ನಾನೊಬ್ಬನೇ ಜಗಳೂರಿಗೆ ಹೋದೆ. ಆಕೆ ಕಣದಲ್ಲಿ ಕಾಯುತ್ತಿದ್ದಳು. ಮಾವ ಕೂರುತ್ತಿದ್ದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ನೋಡಿ, "ಮಾವನೋರು ಬರಲಿಲ್ಲೇನ್ರೀ?" ಎಂದಳು. ಎಂಜಿನ್ ಆರಿಸಿ ಹೇಳಿದೆ. ಸೆರಗು ತಲೆಗೆಳೆದುಕೊಂಡಳು. ಆಮೇಲೆ ಬುಟ್ಟಿ ಎತ್ತಿಕೊಂಡಳು.

"ಶುರು ಮಾಡ್ರಿ. ಮೋಡ ಐತೆ."